ಮುಂಬಯಿಯ ಮನೆ, ಮುಂಬಯಿಯ ನೀರು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಅರಿಯದ ಕನ್ನಡಿಗನಿಲ್ಲ. ಆ ಗಾದೆ ಹುಟ್ಟಿದ ಕಾಲದಲ್ಲಿ ಮನೆಯೆಂದರೆ ಊರಿನ ಮನೆ. ಕಲ್ಲು, ಮರ, ಹೆಂಚು, ಆಳುಕಾಳು ಇವನ್ನು ಕೂಡಿಸುವುದೇ ದೊಡ್ಡ ಸಾಹಸ. ಮನೆ ಎದ್ದು ನಿಂತಿತೆಂದರೆ ಹಿತ್ತಲಲ್ಲಿ ಬಾವಿಯುಂಟು, ಊರಾಚೆ ಬಯಲುಂಟು, ಕಸಕ್ಕೆ ತಿಪ್ಪೆಯುಂಟು. ಉಳಿದುದೆಲ್ಲ ತಾನಾಗಿ ಸಾಗುತ್ತಿತ್ತು. ಬಾವಿಯ ಬಳಿಗೆ ಬರಗೊಡದೆ ದೂರವಿರಿಸಿದ ಜನರ ಪಾಡು ಆಗಲೂ ಬೇರೆಯೇ ಆಗಿತ್ತೆಂಬುದನ್ನು ಮಾತ್ರ ಮರೆಯಲಾಗದು.

ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ನಮ್ಮ ಹಿರಿಯರಿಗೆ ಮನೆಯ ಅರ್ಥವೇ ಬೇರೆಯಾಯಿತು. ಇಲ್ಲಿ ಸೂರು ಒಬ್ಬರ ಕೈಯಲ್ಲಿ, ನೀರು ಇನ್ನೊಬ್ಬರ ಕೈಯಲ್ಲಿ, ಮೋರಿ ಮತ್ತೊಬ್ಬರ ಕೈಯಲ್ಲಿ. ಖೋಲಿ ಸಿಕ್ಕಿದರೆ ನಳ ಮೂರು ಮಹಡಿ ಕೆಳಗೆ. ನಳ ಹತ್ತಿರವಿದ್ದರೆ ಕೆಲಸ ಮೂರು ಹರದಾರಿ ದೂರ. ಈ ಮಹಾನಗರದ ನೂರೈವತ್ತು ವರ್ಷಗಳ ವಸತಿಯ ಚರಿತ್ರೆಯನ್ನು ತಿರುವಿ ನೋಡಿದರೆ ಒಂದು ಸಂಗತಿ ನಮಗೆ ಮತ್ತೆ ಮತ್ತೆ ಕಾಣುತ್ತದೆ. ಮನೆಯನ್ನೂ, ಆ ಮನೆಗೆ ಬೇಕಾದ ನೀರು, ನೈರ್ಮಲ್ಯ, ದಾರಿಗಳನ್ನೂ ಒಟ್ಟಾಗಿ ಯೋಚಿಸಿದ ಕಡೆ ಜನ ನೆಲೆಗೊಂಡರು; ಬೇರೆ ಬೇರೆಯಾಗಿ ಯೋಚಿಸಿದ ಕಡೆ ಹಣವೂ ವ್ಯರ್ಥವಾಯಿತು, ಜನರೂ ನೊಂದರು. ಈ ಚರಿತ್ರೆಯ ಒಂದೊಂದು ಅಧ್ಯಾಯದಲ್ಲಿಯೂ ಕನ್ನಡಿಗರ ಪಾಲುಂಟಾದುದರಿಂದ, ರಾಜ್ಯೋತ್ಸವದ ಈ ಸಂಚಿಕೆಯಲ್ಲಿ ಅದನ್ನು ಸ್ಮರಿಸುವುದು ಉಚಿತವೆಂದು ಭಾವಿಸಿದ್ದೇವೆ.

ನೀರು ಬಂದ ಬಗೆ

ಏಳು ದ್ವೀಪಗಳ ಮುಂಬಯಿ ಬಾವಿ ಕೆರೆಗಳ ನೀರನ್ನು ನೆಚ್ಚಿ ಬದುಕಿದ ಊರು. 1853ರಲ್ಲಿ ಬೋರಿಬಂದರದಿಂದ ಠಾಣೆಗೆ ರೈಲು ಓಡಿತು. 1854ರಲ್ಲಿ ಮೊದಲ ಬಟ್ಟೆ ಗಿರಣಿಯ ಕಂಪನಿ ಸ್ಥಾಪನೆಯಾಯಿತು. ಜನ ಬರತೊಡಗಿದಂತೆ ಕೆರೆಗಳು ಸಾಲದಾದವು. 1860ರಲ್ಲಿ ಸಾಷ್ಟಿಯ ಗುಡ್ಡಗಳ ನಡುವೆ ವಿಹಾರ ಜಲಾಶಯ ಸಿದ್ಧವಾಗಿ, ಕೊಳವೆಯ ಮೂಲಕ ನೀರು ಪಟ್ಟಣಕ್ಕೆ ಹರಿಯಿತು. ತರುವಾಯ 1879ರಲ್ಲಿ ತುಳಸಿ, 1892ರಲ್ಲಿ ಬಹು ದೂರದ ತಾನ್ಸಾ ಬಂದವು. ಸ್ವಾತಂತ್ರ್ಯಾನಂತರ 1957ರಲ್ಲಿ ವೈತರಣಾ ನದಿಗೆ ಕಟ್ಟಿದ ಜಲಾಶಯಕ್ಕೆ ಎಂಜಿನಿಯರ್ ಮೋಡಕರ ಹೆಸರಿನಲ್ಲಿ ಮೋಡಕ್ ಸಾಗರವೆಂದು ನಾಮಕರಣವಾಯಿತು. ಅನಂತರ ಮೇಲ್ ವೈತರಣಾ, ಭಾತ್ಸಾ, 2014ರಲ್ಲಿ ಮಧ್ಯ ವೈತರಣಾ ಸೇರಿ ಇಂದು ಏಳು ಜಲಾಶಯಗಳಿಂದ ದಿನಕ್ಕೆ ಸುಮಾರು 385 ಕೋಟಿ ಲೀಟರು ನೀರು ನಗರಕ್ಕೆ ಒದಗುತ್ತಿದೆ. ನೂರು ಕಿಲೋಮೀಟರು ದೂರದಿಂದ ನೀರು ತರುವ ವಿದ್ಯೆಯಲ್ಲಿ ಮುಂಬಯಿ ಯಾರಿಗೂ ಕಡಮೆಯಲ್ಲ. ತಂದ ನೀರನ್ನು ಹಂಚುವ ಮಾತು ಬೇರೆ.

ಹಂಚಿಕೆಯ ಹೊಣೆ ನಗರಸಭೆಯದು. 1865ರಲ್ಲಿ ಆರ್ಥರ್ ಕ್ರಾಫರ್ಡ್ ಮುನಿಸಿಪಲ್ ಕಮಿಷನರಾಗಿ ಬಂದು ಮೋರಿ, ರಸ್ತೆ, ಮಾರುಕಟ್ಟೆಗಳ ಕೆಲಸವನ್ನು ಭರದಿಂದ ನಡೆಸಿದನು. ಖರ್ಚು ಮಿತಿಮೀರಿದಾಗ 1871ರಲ್ಲಿ ತೆರಿಗೆದಾರರು ಗದ್ದಲವೆಬ್ಬಿಸಿದರು. ಫಿರೋಜ್‌ಶಹಾ ಮೆಹತಾರಂಥವರು ಚುನಾಯಿತ ಪ್ರತಿನಿಧಿಗಳು ಬೇಕೆಂದು ವಾದಿಸಿದರು. ಅದರ ಫಲವಾಗಿ 1872ರ ಕಾನೂನು, ಬಳಿಕ 1888ರ ಕಾನೂನು ಬಂದವು. ಈ 1888ರ ಕಾನೂನೇ ತಿದ್ದುಪಡಿಗಳೊಡನೆ ಇಂದಿಗೂ ಮುಂಬಯಿಯನ್ನು ಆಳುತ್ತಿದೆ. ಆದರೆ ಆಗಿನ ಮತದಾನ ತೆರಿಗೆ ಕಟ್ಟುವವರದು. ಚಾಳಿನ ಖೋಲಿಯಲ್ಲಿ ಬಾಡಿಗೆಗಿದ್ದ ಕೂಲಿಯವನಿಗೆ ಬಹುಕಾಲ ಮತವಿರಲಿಲ್ಲ. 1948ರಲ್ಲಿ ವಯಸ್ಕ ಮತದಾನ ಬರುವವರೆಗೂ ನೀರಿಲ್ಲದವನ ಮಾತು ಸಭೆಯನ್ನು ಮುಟ್ಟುವ ನೇರವಾದ ದಾರಿ ಇರಲಿಲ್ಲವೆನ್ನಬೇಕು.

ಮಹಾಮಾರಿಯ ಪಾಠ

1896ರ ಸೆಪ್ಟೆಂಬರಿನಲ್ಲಿ ಮಾಂಡವಿ ಬಂದರಿನ ಬಳಿ ಡಾಕ್ಟರ್ ಅಕಾಸಿಯೋ ವಿಯೇಗಸ್ ಎಂಬವರು ಪ್ಲೇಗನ್ನು ಗುರುತಿಸಿದರು. ಕೆಲವೇ ತಿಂಗಳಲ್ಲಿ ಊರಿನ ಜನರಲ್ಲಿ ಅರ್ಧದಷ್ಟು ಮಂದಿ ಪಲಾಯನ ಮಾಡಿದರು. ಅಧಿಕಾರಿಗಳು ಮನೆ ಮನೆ ಹೊಕ್ಕು ಶೋಧಿಸಿದರು. ವಾಸಕ್ಕೆ ಅಯೋಗ್ಯವೆಂದು ಬಾಗಿಲುಗಳ ಮೇಲೆ ಗುರುತು ಬರೆದರು. ರೋಗಿಗಳನ್ನು ಬಲಾತ್ಕಾರದಿಂದ ಕೊಂಡೊಯ್ದರು. 1891ರಲ್ಲಿ 8,21,764 ಇದ್ದ ಜನಸಂಖ್ಯೆ 1901ರಲ್ಲಿ 7,76,006ಕ್ಕೆ ಇಳಿದುದೇ ಆ ಹಾವಳಿಗೆ ಸಾಕ್ಷಿ.

ಗಾಳಿ ಬೆಳಕಿಲ್ಲದ ಮನೆಗಳೇ ರೋಗದ ತೌರೆಂದು ಬಗೆದ ಸರಕಾರ 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟನ್ನು ಸ್ಥಾಪಿಸಿತು. ನಗರಸಭೆಗೆ ಇದು ಅಧೀನವಲ್ಲ; ತನ್ನದೇ ಅಧಿಕಾರವುಳ್ಳ ಸಂಸ್ಥೆ. ಹಳೆಯ ಕೇರಿಗಳನ್ನು ಕೆಡವಿ ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರೋಡುಗಳಂಥ ವಿಶಾಲ ಬೀದಿಗಳನ್ನು ತೆರೆದದ್ದು ಇದರ ಕೀರ್ತಿ. ಕೆಡವಿದಷ್ಟನ್ನು ಕಟ್ಟಲಿಲ್ಲವೆಂಬುದು ಇದರ ಅಪಕೀರ್ತಿ. ಮನೆ ಕಳೆದುಕೊಂಡವರು ಪಕ್ಕದ ಕೇರಿಗೇ ಹೋಗಿ ಅಲ್ಲಿನ ಇಕ್ಕಟ್ಟನ್ನು ಹೆಚ್ಚಿಸಿದರು. ಒಂದು ಕಡೆ ಗಾಳಿ ಆಡಿತು. ಇನ್ನೊಂದು ಕಡೆ ಉಸಿರು ಕಟ್ಟಿತು.

ಪ್ಲೇಗು ರೈಲು ದಾರಿ ಹಿಡಿದು ನಮ್ಮ ನಾಡಿಗೂ ಬಂದಿತು. 1898ರಲ್ಲಿ ಅದು ಬೆಂಗಳೂರನ್ನು ಹೊಕ್ಕಿತು. ಇಕ್ಕಟ್ಟಾದ ಪೇಟೆಗಳಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಮೈಸೂರಿನಲ್ಲಿ 1903ರಲ್ಲಿಯೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಏರ್ಪಟ್ಟಿತು. ಮುಂಬಯಿಯಲ್ಲಿ ಟ್ರಸ್ಟು ದಾದರ್, ಮಾಟುಂಗಾ ಕಡೆಯ ಹೊಲಗದ್ದೆಗಳನ್ನು ಕೊಂಡು, ಮೊದಲು ರಸ್ತೆ, ಮೋರಿ, ನೀರು, ತೋಟಗಳನ್ನು ಏರ್ಪಡಿಸಿ ಆಮೇಲೆ ನಿವೇಶನಗಳನ್ನು ಕೊಟ್ಟಿತು. ಇಂದಿಗೂ ಆ ಭಾಗದ ಬೀದಿಗಳಲ್ಲಿ ನಡೆದಾಡುವವರಿಗೆ ಆ ಕ್ರಮದ ಸೊಗಸು ತಿಳಿಯುತ್ತದೆ. ದಕ್ಷಿಣದವರು ಮಾಟುಂಗಾದಲ್ಲಿ ನೆಲೆಸಿದ್ದು, 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಶನ್ ಅಲ್ಲಿಯೇ ತನ್ನ ನೆಲೆ ಕಂಡದ್ದು ಇವೆಲ್ಲ ಆ ಯೋಜನೆಯ ಫಲಗಳೇ. ಆದರೆ ಇವು ನಿವೇಶನ ಕೊಳ್ಳಬಲ್ಲ, ಬಾಡಿಗೆ ತೆರಬಲ್ಲ ಮಧ್ಯಮ ವರ್ಗದವರಿಗೆ ದಕ್ಕಿದ ಸೌಕರ್ಯಗಳು. ಯಾರ ಗುಡಿಸಲಲ್ಲಿ ಪ್ಲೇಗು ಹೆಚ್ಚು ಬಲಿ ತೆಗೆದುಕೊಂಡಿತೋ ಅವರು ಬಹುಪಾಲು ಹಳೆಯ ಕೇರಿಗಳಲ್ಲಿಯೇ ಉಳಿದರು.

ಅವರಿಗಾಗಿ ಟ್ರಸ್ಟು ಕೆಲವು ಚಾಳುಗಳನ್ನು ಕಟ್ಟಿದ್ದುಂಟು. ಪರಳದ ಅಂಥ ಒಂದು ಚಾಳಿನ ಎರಡು ಖೋಲಿಗಳಲ್ಲಿ ಡಾಕ್ಟರ್ ಬಾಬಾಸಾಹೇಬ ಅಂಬೇಡ್ಕರರು 1912ರಿಂದ ಸುಮಾರು ಇಪ್ಪತ್ತೆರಡು ವರ್ಷ ಇದ್ದರು. ಅಲ್ಲಿದ್ದಾಗಲೇ, 1927ರಲ್ಲಿ, ಅವರು ಮಹಾಡದ ಚವದಾರ ಕೆರೆಯ ಸತ್ಯಾಗ್ರಹವನ್ನು ನಡೆಸಿದರು. ಮಹಾಡದ ಮುನಿಸಿಪಾಲಿಟಿ ಆ ಕೆರೆಯನ್ನು ಎಲ್ಲರಿಗೂ ತೆರೆಯಬೇಕೆಂದು 1924ರಲ್ಲಿಯೇ ಠರಾವು ಮಾಡಿತ್ತು. ಠರಾವು ಕಾಗದದಲ್ಲಿ ಉಳಿದಿತ್ತು. ನೀರು ಕೆರೆಯಲ್ಲಿ ಉಳಿದಿತ್ತು. ಹೈಕೋರ್ಟು ಅಸ್ಪೃಶ್ಯರೆನಿಸಿಕೊಂಡವರ ಪರವಾಗಿ ತೀರ್ಪು ಕೊಟ್ಟದ್ದು 1937ರಲ್ಲಿ. ನಗರಸಭೆಯ ನಿರ್ಣಯಕ್ಕೂ ಮನುಷ್ಯನ ಬೊಗಸೆಗೂ ನಡುವೆ ಎಷ್ಟು ದೂರವಿರಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಅಂಬೇಡ್ಕರರು ಮುಂದೆ ಸ್ವಂತಕ್ಕೆ ಕಟ್ಟಿಸಿದ 'ರಾಜಗೃಹ' ಇರುವುದು ಅದೇ ಟ್ರಸ್ಟು ರೂಪಿಸಿದ ದಾದರಿನ ಹಿಂದೂ ಕಾಲೊನಿಯಲ್ಲಿ.

ಸರಕಾರ ಕಟ್ಟಿದ ಚಾಳುಗಳು

ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಬೆಲೆಗಳು ಏರಿದ್ದವು. 1918ರ ಇನ್‌ಫ್ಲುಯೆಂಜಾ ಊರನ್ನು ಬಡಿದಿತ್ತು. 1919ರ ಜನವರಿಯಲ್ಲಿ ಗಿರಣಿ ಕಾರ್ಮಿಕರು ಒಟ್ಟಾಗಿ ಮುಷ್ಕರ ಹೂಡಿದರು. ಒಂದೇ ಖೋಲಿಯಲ್ಲಿ ಹಗಲು ಪಾಳಿಯವರು ಎದ್ದು ಹೋದಮೇಲೆ ರಾತ್ರಿ ಪಾಳಿಯವರು ಬಂದು ಮಲಗುವ ಸ್ಥಿತಿ. 1921ರಲ್ಲಿ ಮುಂಬಯಿಯ ಶಿಶುಮರಣ 1,000 ಜನನಕ್ಕೆ 600ಕ್ಕೂ ಮೇಲೆಂದು ದಾಖಲಾಯಿತು. ಹೆರಿಗೆಗೆ ತೌರಿಗೆ ಹೋಗಿ ಕೂಸಿನೊಡನೆ ಹಿಂದಿರುಗುವ ವಾಡಿಕೆಯಿಂದಾಗಿ ಅನೇಕ ಜನನಗಳು ಇಲ್ಲಿನ ಲೆಕ್ಕಕ್ಕೆ ಬಾರದೆ ಈ ಅಂಕಿ ಉಬ್ಬಿತ್ತು. ಅದನ್ನು ಕಳೆದರೂ ಉಳಿಯುವ ಸಂಖ್ಯೆ ಭಯಂಕರವೇ.

ಗವರ್ನರ್ ಜಾರ್ಜ್ ಲಾಯ್ಡನು 1920ರಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟನ್ನು ಏರ್ಪಡಿಸಿ, ಎಂಟು ವರ್ಷದಲ್ಲಿ ಕಾರ್ಮಿಕರಿಗೆ 50,000 ಖೋಲಿಗಳನ್ನು ಕಟ್ಟುವೆನೆಂದು ಸಾರಿದನು. ಹಣಕ್ಕಾಗಿ ನಗರಕ್ಕೆ ಬರುವ ಹತ್ತಿಯ ಅಂಡಿಗೆಯೊಂದಕ್ಕೆ 1 ರೂಪಾಯಿ ತೆರಿಗೆ ಹಾಕಲಾಯಿತು. ಆ ಅಂಡಿಗೆಗಳಲ್ಲಿ ಧಾರವಾಡ, ಹುಬ್ಬಳ್ಳಿ ಕಡೆಯ ಹತ್ತಿಯೂ ಇತ್ತೆಂಬುದನ್ನು ನಾವು ನೆನೆಯಬೇಕು. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೇ ಸೇರಿದ್ದ ಕಾಲವದು. 1956ರವರೆಗೂ ಆ ಭಾಗದ ಕನ್ನಡಿಗನಿಗೆ ಮುಂಬಯಿ ಪರಸ್ಥಳವಲ್ಲ, ರಾಜಧಾನಿ.

ಕಟ್ಟಿದ ಚಾಳುಗಳು 207. ವರ್ಳಿಯಲ್ಲಿ 121, ನಾಯಗಾಂವಿನಲ್ಲಿ 42, ಡಿಲಾಯ್ಲ್ ರೋಡಿನಲ್ಲಿ 32, ಶಿವಡಿಯಲ್ಲಿ 12. ಚಾಳೊಂದಕ್ಕೆ 80 ಖೋಲಿಗಳು. ಖೋಲಿಯೊಂದು ಸುಮಾರು 160 ಚದರ ಅಡಿ. ಒಟ್ಟು ಹದಿನಾರು ಸಾವಿರಕ್ಕೆ ಮೇಲ್ಪಟ್ಟ ಖೋಲಿಗಳೇ ಹೊರತು ಐವತ್ತು ಸಾವಿರವಲ್ಲ. ಇಷ್ಟಾದರೂ ತುಂಬಿದವೇ ಎಂದರೆ ಅದೂ ಇಲ್ಲ. ವರ್ಳಿಯ ಚಾಳುಗಳಲ್ಲಿ ಬಹಳಷ್ಟು ವರ್ಷಗಟ್ಟಲೆ ಬರಿದಾಗಿ ನಿಂತವು. ಗಿರಣಿಗೆ ದೂರ; ಬಾಡಿಗೆ ಕೂಲಿಯವನ ಕೈಗೆ ಮೀರಿದ್ದು; ದಿನಸಿ ಉದ್ದರಿ ಕೊಡುವ ಅಂಗಡಿಯಿಲ್ಲ, ಹೊತ್ತಿಗೊದಗುವ ಬಂಧುಬಳಗವಿಲ್ಲ. ಕಿಕ್ಕಿರಿದ ಊರಿನಲ್ಲಿ ಹೊಸ ಖೋಲಿಗಳು ಖಾಲಿ ಬಿದ್ದುವೆಂದರೆ ಇದಕ್ಕಿಂತ ವಿಪರೀತವೇನಿದೆ? 1930ರ ಕಾನೂನುಭಂಗ ಚಳವಳಿಯ ಕಾಲದಲ್ಲಿ ಸರಕಾರ ವರ್ಳಿಯ ಚಾಳುಗಳನ್ನು ತಾತ್ಕಾಲಿಕ ಸೆರೆಮನೆಯಾಗಿ ಬಳಸಿತು. ಕಾರ್ಮಿಕರಿಗಾಗಿ ಕಟ್ಟಿದ ಮನೆ ಸತ್ಯಾಗ್ರಹಿಗಳಿಗೆ ಜೈಲಾಯಿತು. ಕಾಲ ಕಳೆದು ಊರು ವರ್ಳಿಯವರೆಗೆ ಬೆಳೆದು, ಬಸ್ಸು ಅಂಗಡಿಗಳು ಬಂದಮೇಲೆ ಅವೇ ಖೋಲಿಗಳಿಗೆ ಮೇಲಾಟ ನಡೆಯಿತೆಂಬುದೂ ನಿಜ. ಮನೆ ಬದಲಾಗಿರಲಿಲ್ಲ, ಸುತ್ತಣ ಸೌಕರ್ಯ ಬದಲಾಗಿತ್ತು.

ನಮ್ಮವರು ಕಟ್ಟಿಕೊಂಡದ್ದು

ಸರಕಾರದ ದಾರಿ ಕಾಯದೆ ತಾವೇ ಕೂಡಿ ಕಟ್ಟಿಕೊಂಡವರ ಕಥೆ ನಮಗೆ ವಿಶೇಷವಾಗಿ ಹೆಮ್ಮೆ ತರತಕ್ಕದ್ದು. ಭಾರತದ ಮೊದಲ ಗೃಹನಿರ್ಮಾಣ ಸಹಕಾರಿ ಸಂಘವೆಂದು ಗಣನೆಗೆ ಬಂದುದು 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬೆಂಗಳೂರು ಬಿಲ್ಡಿಂಗ್ ಕೋಆಪರೇಟಿವ್ ಸೊಸೈಟಿ. ಮುಂಬಯಿಯಲ್ಲಿ 1915ರಲ್ಲಿ ಗಾಂವದೇವಿಯ ಬಳಿ ಸಾರಸ್ವತ ಕೋಆಪರೇಟಿವ್ ಹೌಸಿಂಗ್ ಸೊಸೈಟಿ ಸ್ಥಾಪನೆಯಾಯಿತು. ಇದರ ಜೀವಾಳವಾಗಿದ್ದ ರಾವ್ ಬಹಾದೂರ್ ಎಸ್. ಎಸ್. ತಾಲಮಕಿಯವರು ನಮ್ಮ ಕರಾವಳಿಯ ಚಿತ್ರಾಪುರ ಸಾರಸ್ವತ ಸಮಾಜದವರು. 1906ರಲ್ಲಿ ಶಾಮರಾವ್ ವಿಠಲ ಸಹಕಾರಿ ಬ್ಯಾಂಕನ್ನು ಹುಟ್ಟುಹಾಕಿದವರೂ ಅವರೇ. ಸಹಕಾರಿ ವಸತಿ ಚಳವಳಿಯ ಜನಕರೆಂದು ಅವರನ್ನು ದೇಶ ಗೌರವಿಸುತ್ತದೆ. ಬಾಡಿಗೆದಾರನೇ ಒಡೆಯನಾಗಿ, ಒಡೆಯನೇ ಬಾಡಿಗೆದಾರನಾಗಿ, ನೀರಿನ ಟಾಕಿ ಸೋರಿದರೆ ಯಾರನ್ನು ಕೇಳಬೇಕೆಂಬುದು ಎಲ್ಲರಿಗೂ ತಿಳಿದಿರುವಂಥ ವ್ಯವಸ್ಥೆ ಅದು. ಮಹಾನಗರದ ಸಾವಿರಾರು ಸೊಸೈಟಿಗಳು ಇಂದು ನಡೆಯುತ್ತಿರುವುದು ಈ ಹಾದಿಯಲ್ಲಿ.

ಆದರೆ ಷೇರು ಹಣ ಕಟ್ಟಲು ತಿಂಗಳ ಸಂಬಳ ಬೇಕು. ಅದಿಲ್ಲದವರು ಬಹುಮಂದಿ. ದಕ್ಷಿಣ ಕನ್ನಡದಿಂದ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಸಂಜೆ ಕೋಟೆ ಭಾಗದ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತು, ಬಾಗಿಲು ಹಾಕಿದ ಮೇಲೆ ಅದೇ ಹೋಟೆಲಿನ ಮೇಜುಗಳನ್ನು ಜೋಡಿಸಿ ಮಲಗಿದರು. ಅವರಿಗೆ ಹೋಟೆಲೇ ಮನೆ, ಹೋಟೆಲಿನ ನಳವೇ ನಳ. ಕೆಲಸ ಹೋದ ದಿನ ಮೂರೂ ಹೋದವು. ಇಂದು ಸ್ವಂತ ಫ್ಲಾಟುಗಳಲ್ಲಿರುವ ನಮ್ಮ ಎಷ್ಟೋ ಮನೆತನಗಳ ಮೊದಲ ಪುಟ ಇದೇ ಎಂಬುದನ್ನು ಮಕ್ಕಳಿಗೆ ಹೇಳುವುದು ಒಳ್ಳೆಯದು.

ಬಾಡಿಗೆ ಕಾಯಿದೆಯಿಂದ ಝೋಪಡಿಯವರೆಗೆ

ಎರಡನೆಯ ಮಹಾಯುದ್ಧದ ಹೊಡೆತಕ್ಕೆ ಸಿಕ್ಕ ಬಾಡಿಗೆದಾರರನ್ನು ರಕ್ಷಿಸಲು ಬಂದ 1947ರ ಬಾಡಿಗೆ ಕಾಯಿದೆ, ಬಾಡಿಗೆಗಳನ್ನು 1940ರ ಮಟ್ಟದಲ್ಲಿ ಹಿಡಿದು ನಿಲ್ಲಿಸಿತು. ಲಕ್ಷಾಂತರ ಸಂಸಾರಗಳು ಇದರಿಂದ ಬದುಕಿಕೊಂಡವು. ಕೆಲವೇ ವರ್ಷಕ್ಕೆಂದು ಬಂದ ಕಟ್ಟು ದಶಕಗಟ್ಟಲೆ ಉಳಿದಾಗ ಮಾಲಿಕರು ದುರಸ್ತಿಯನ್ನು ಕೈಬಿಟ್ಟರು. ಬಾಡಿಗೆಗೆಂದು ಹೊಸ ಮನೆ ಕಟ್ಟುವವರು ಇಲ್ಲವಾದರು. ಪಗಡಿ ಎಂಬ ಕೈಮಾತಿನ ವ್ಯವಹಾರ ಬೆಳೆಯಿತು. ಮಳೆಗಾಲಕ್ಕೊಂದಿಷ್ಟು ಕಟ್ಟಡಗಳು ಕುಸಿಯತೊಡಗಿದಾಗ 1969ರಲ್ಲಿ ದುರಸ್ತಿ ಮಂಡಳಿಯ ಕಾಯಿದೆ ಬಂದಿತು. ಅದರ ಪಟ್ಟಿಗೆ ಸೇರಿದ ಹಳೆಯ ಕಟ್ಟಡಗಳು 19,642. ಮುಂದೆ 1999ರ ಹೊಸ ಬಾಡಿಗೆ ಕಾಯಿದೆ ಹಳೆಯದರ ಸ್ಥಾನಕ್ಕೆ ಬಂದರೂ ಆ ಗಂಟು ಪೂರ್ತಿಯಾಗಿ ಬಿಚ್ಚಿಲ್ಲ.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಹುಟ್ಟಿದ ಹೌಸಿಂಗ್ ಬೋರ್ಡು ಚೆಂಬೂರು, ಘಾಟ್‌ಕೋಪರ್, ಕುರ್ಲಾ, ವಿಕ್ರೋಲಿಗಳಲ್ಲಿ ವಸಾಹತುಗಳನ್ನು ಕಟ್ಟಿತು. 1950 ಮತ್ತು 1957ರಲ್ಲಿ ಉಪನಗರಗಳು ನಗರಸಭೆಗೆ ಸೇರಿ ಬೃಹನ್ಮುಂಬಯಿ ದಹಿಸರ, ಮುಲುಂಡಗಳವರೆಗೆ ಚಾಚಿತು. 1951ರಲ್ಲಿ ಸುಮಾರು 30 ಲಕ್ಷವಿದ್ದ ಜನಸಂಖ್ಯೆ 1961ರಲ್ಲಿ 41 ಲಕ್ಷ ದಾಟಿತು. ಬೋರ್ಡಿನ ಮನೆಗಳು ಆ ಪ್ರವಾಹದಲ್ಲಿ ಬೊಗಸೆ ನೀರಿನಂತಾದವು. ಸಿಕ್ಕದವರು ಜೌಗು ನೆಲದಲ್ಲಿ, ರೈಲು ದಾರಿಯ ಮಗ್ಗುಲಲ್ಲಿ, ತಾನ್ಸಾ ಕೊಳವೆಯ ಬದಿಯಲ್ಲಿ ಝೋಪಡಿ ಹಾಕಿಕೊಂಡರು. ಪಟ್ಟಣಕ್ಕೆಲ್ಲ ನೀರೊಯ್ಯುವ ಕೊಳವೆಗೆ ಬೆನ್ನು ಕೊಟ್ಟು ಮಲಗಿದವರಿಗೆ ಕುಡಿಯಲು ನೀರಿಲ್ಲದ ವಿಚಿತ್ರ ನಮ್ಮ ನಗರದ್ದು.

ಮೊದಮೊದಲು ಸರಕಾರ ಝೋಪಡಿಗಳನ್ನು ಕೆಡವುವುದನ್ನೇ ಪರಿಹಾರವೆಂದು ತಿಳಿದಿತ್ತು. 1971ರ ಕಾಯಿದೆ ಅಲ್ಲಿ ನಳ, ಸಂಡಾಸು, ದೀಪ ಒದಗಿಸುವ ದಾರಿ ತೆರೆಯಿತು. 1976ರಲ್ಲಿ ಎಣಿಕೆ ನಡೆದು ಗುರುತಿನ ಪಾಸುಗಳು ಬಂದವು. 1977ರಲ್ಲಿ ಹಳೆಯ ಬೋರ್ಡುಗಳೆಲ್ಲ ಕೂಡಿ ಮಹಾಡಾ ಆಯಿತು. 1995ರಲ್ಲಿ ಸ್ಲಂ ಪುನರ್ವಸತಿ ಪ್ರಾಧಿಕಾರ ಬಂದು, ಬಿಲ್ಡರನಿಗೆ ಹೆಚ್ಚು ಎತ್ತರ ಕಟ್ಟಲು ಬಿಟ್ಟು ಆ ಲಾಭದಿಂದ ನಿವಾಸಿಗಳಿಗೆ ಉಚಿತ ಮನೆ ಕೊಡುವ ಉಪಾಯ ಹೂಡಲಾಯಿತು. ಆಗ ಆಶ್ವಾಸನೆ ಕೊಟ್ಟದ್ದು 40 ಲಕ್ಷ ಜನರಿಗೆ 8 ಲಕ್ಷ ಮನೆ. ಕಾಲು ಶತಮಾನ ಕಳೆದರೂ ಅದರ ಅರ್ಧವನ್ನು ಮುಟ್ಟಲಾಗಲಿಲ್ಲ. ನೆಲದ ಬೆಲೆ ಹೆಚ್ಚಿರುವ ಕಡೆ ಬಿಲ್ಡರು ಬಂದನು. ಲಾಭವಿಲ್ಲದ ಕಡೆ ಬರಲಿಲ್ಲ. 2011ರ ಜನಗಣತಿಯಲ್ಲಿ ನಗರದ 1 ಕೋಟಿ 24 ಲಕ್ಷ ಜನರಲ್ಲಿ ನೂರಕ್ಕೆ 41 ಮಂದಿ ಕೊಳಚೆಗೇರಿಗಳಲ್ಲಿದ್ದರು.

ಈ ಯೋಜನೆಗಳಲ್ಲೆಲ್ಲ ಒಂದು 'ಕಟ್ ಆಫ್ ತಾರೀಖು' ಇರುತ್ತದೆ. ಇಂಥ ದಿನಾಂಕಕ್ಕೆ ಮುಂಚೆ ಬಂದವನು ಅರ್ಹ, ಆಮೇಲೆ ಬಂದವನು ಅನರ್ಹ. ಮನೆಗೆ ಈ ಲೆಕ್ಕ ಇಟ್ಟುಕೊಂಡದ್ದು ಇರಲಿ, ಅದೇ ಲೆಕ್ಕವನ್ನು ನೀರಿಗೂ ಹಚ್ಚಿದರು. ತಾರೀಖಿನ ಆಚೆಗೆ ಬಿದ್ದವರು ಟ್ಯಾಂಕರಿನವನಿಗೆ ಹೆಚ್ಚಿನ ಹಣ ತೆತ್ತು ಡಬ್ಬದ ಲೆಕ್ಕದಲ್ಲಿ ನೀರು ಕೊಂಡರು. ಪಾನಿ ಹಕ್ಕ ಸಮಿತಿಯವರು ಹೂಡಿದ ದಾವೆಯಲ್ಲಿ 2014ರ ಡಿಸೆಂಬರಿನಲ್ಲಿ ಮುಂಬಯಿ ಹೈಕೋರ್ಟು, ವಾಸದ ಕಟ್ಟಡ ಅನಧಿಕೃತವೆಂಬ ಕಾರಣಕ್ಕೆ ಕುಡಿಯುವ ನೀರನ್ನು ನಿರಾಕರಿಸಲಾಗದೆಂದು ಹೇಳಿತು. ನಗರಸಭೆ 'ಎಲ್ಲರಿಗೂ ನೀರು' ಎಂಬ ಧೋರಣೆಯನ್ನು ಪ್ರಕಟಿಸಿದ್ದು 2022ರಲ್ಲಿ. ಮಹಾಡದ ಠರಾವಿನ ನೆನಪು ನಮಗೆ ಇಲ್ಲಿ ಬಾರದಿರದು.

ಇನ್ನೊಂದು ಕಡೆ, ತಾನ್ಸಾ ಕೊಳವೆಯ ಬದಿಯಿಂದ ಎಬ್ಬಿಸಿದ ಕುಟುಂಬಗಳನ್ನು ಮಾಹುಲಿನ ಬಹುಮಹಡಿ ಕಟ್ಟಡಗಳಿಗೆ ಕಳಿಸಲಾಯಿತು. ಗೋಡೆಯುಂಟು, ಬಾಗಿಲುಂಟು, ಸುತ್ತ ತೈಲ ಶುದ್ಧೀಕರಣ ಕಾರಖಾನೆಗಳ ಗಾಳಿ. ಜನ ದೀರ್ಘಕಾಲ ಹೋರಾಡಿದ ಮೇಲೆ 2019ರಲ್ಲಿ ಹೈಕೋರ್ಟು ಅವರನ್ನು ಅಲ್ಲಿರುವಂತೆ ಬಲವಂತಪಡಿಸಕೂಡದೆಂದು ಹೇಳಿ, ಬೇರೆ ಕಡೆ ಇರಲು ಬಾಡಿಗೆ ಕೊಡುವಂತೆ ಆಜ್ಞಾಪಿಸಿತು. 1920ರ ದಶಕದ ವರ್ಳಿಯಲ್ಲಿ ನಡೆದ ತಪ್ಪು ಒಂದು ಶತಮಾನದ ಬಳಿಕ ಮಾಹುಲಿನಲ್ಲಿ ಮರುಕಳಿಸಿತು. ಮನೆಗಳ ಸಂಖ್ಯೆಯನ್ನು ಎಣಿಸಿದರು. ಅಲ್ಲಿ ಬದುಕುವುದು ಹೇಗೆಂದು ಕೇಳಲಿಲ್ಲ.

ವರ್ಳಿಯ ಚಾಳುಗಳಿಗೆ ಮಾತ್ರ ಈಗ ಒಳ್ಳೆಯ ಕಾಲ ಬಂದಂತಿದೆ. ಅವುಗಳ ಜಾಗದಲ್ಲಿ ಎದ್ದ ಗೋಪುರಗಳಲ್ಲಿ 2025ರ ಆಗಸ್ಟಿನಲ್ಲಿ ಮೊದಲ ತಂಡದ ಕುಟುಂಬಗಳಿಗೆ 500 ಚದರ ಅಡಿಯ ಮನೆಗಳ ಕೀಲಿಕೈ ದೊರೆಯಿತು. ನೂರು ವರ್ಷ 160 ಅಡಿಗಳಲ್ಲಿ ಬಾಳಿದವರ ಮಕ್ಕಳು ಮೊಮ್ಮಕ್ಕಳಿಗೆ ಇದು ಸಂತೋಷದ ವಿಷಯ. ಲಿಫ್ಟು, ಪಂಪು, ಕಸ, ಸೊಸೈಟಿಯ ಮಾಸಿಕ ವಂತಿಗೆ ಇವನ್ನು ಅವರು ನಡೆಸಿಕೊಂಡು ಹೋಗುವಂತಾದರೆ ಆ ಸಂತೋಷ ನಿಲ್ಲುತ್ತದೆ.

ನಾವು ಮಾಡಬಹುದಾದದ್ದು

ಇದು ಸರಕಾರದ, ನಗರಸಭೆಯ ಕೆಲಸ, ಕನ್ನಡ ಸಂಘಕ್ಕೇನು ಎಂದು ಕೆಲವರು ಕೇಳಬಹುದು. ಕಲಬುರಗಿ, ವಿಜಯಪುರ, ರಾಯಚೂರು, ಯಾದಗಿರಿ ಕಡೆಯಿಂದ ಇಂದಿಗೂ ಕನ್ನಡ ಮಾತನಾಡುವ ಕುಟುಂಬಗಳು ಈ ನಗರಕ್ಕೆ ಗಾರೆ, ಮಣ್ಣು ಕೆಲಸಕ್ಕೆ ಬರುತ್ತಿವೆ. ಮುಗಿಲು ಮುಟ್ಟುವ ಕಟ್ಟಡಗಳನ್ನು ಕಟ್ಟುವ ಅವರು ಇರುವುದು ಅದೇ ಕಟ್ಟಡದ ಬುಡದ ತಗಡಿನ ಶೆಡ್ಡಿನಲ್ಲಿ. ಕಟ್ಟಡ ಮುಗಿದರೆ ಶೆಡ್ಡೂ ಇಲ್ಲ, ನಳವೂ ಇಲ್ಲ. ನಮ್ಮ ಹೋಟೆಲ್ ಹುಡುಗರು ಅಂದು ಇದ್ದ ಸ್ಥಿತಿಯಲ್ಲಿಯೇ ಇವರು ಇಂದು ಇದ್ದಾರೆ. 1996ರ ಕಾಯಿದೆಯಂತೆ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ನಿರ್ಮಾಣ ವೆಚ್ಚದ ಮೇಲೆ ಸೆಸ್ ವಸೂಲಾಗುತ್ತದೆ. ಆದರೆ ಅದರ ಪ್ರಯೋಜನ ದೊರೆಯಬೇಕಾದರೆ ಹೆಸರು ನೋಂದಾಯಿಸಬೇಕು. ನೋಂದಾಯಿಸಲು ಮರಾಠಿಯ ಅರ್ಜಿ ತುಂಬಬೇಕು, ತೊಂಬತ್ತು ದಿನದ ಕೆಲಸದ ಪುರಾವೆ ತರಬೇಕು. ಓದುಬರಹ ಬಾರದ, ಭಾಷೆ ಬಾರದ ತಾಯಿಯೊಬ್ಬಳು ಇದನ್ನು ಎಲ್ಲಿಂದ ತರಬೇಕು?

ನಮ್ಮ ಸಂಘಗಳಲ್ಲಿ ವಕೀಲರಿದ್ದಾರೆ, ಲೆಕ್ಕ ಬಲ್ಲವರಿದ್ದಾರೆ, ನಗರಸಭೆಯಿಂದ ನಿವೃತ್ತರಾದ ಅಧಿಕಾರಿಗಳೂ ಎಂಜಿನಿಯರರೂ ಇದ್ದಾರೆ. ತಿಂಗಳಿಗೆ ಒಂದು ಭಾನುವಾರ ಸಂಘದ ಹಾಲಿನಲ್ಲಿ ಇಬ್ಬರು ಕುಳಿತು, ರೇಷನ್ ಕಾರ್ಡು, ನಳದ ಅರ್ಜಿ, ಕಾರ್ಮಿಕ ನೋಂದಣಿ, ಮಕ್ಕಳ ಶಾಲೆಯ ದಾಖಲೆ ಇವನ್ನು ಕನ್ನಡದಲ್ಲಿ ಕೇಳಿ ಮರಾಠಿಯಲ್ಲಿ ಬರೆದುಕೊಟ್ಟರೆ ಅದಕ್ಕೆ ದೊಡ್ಡ ಬಂಡವಾಳ ಬೇಡ. ನಗರಸಭೆಯ ಕನ್ನಡ ಶಾಲೆಗಳು ಮಕ್ಕಳಿಲ್ಲದೆ ಸೊರಗುತ್ತಿರುವಾಗ, ಶೆಡ್ಡುಗಳಲ್ಲಿರುವ ಕನ್ನಡದ ಮಕ್ಕಳನ್ನು ಅಲ್ಲಿಗೆ ಮುಟ್ಟಿಸುವುದೂ ಈ ಕೆಲಸದಲ್ಲಿಯೇ ಸೇರುತ್ತದೆ. ತಾಲಮಕಿಯವರ ಪೀಳಿಗೆ ತಮ್ಮವರಿಗಾಗಿ ಷೇರು ಹಣ ಕೂಡಿಸಿ ಕಟ್ಟಿತು. ನಮ್ಮ ಪೀಳಿಗೆ ಒಂದಿಷ್ಟು ಹೊತ್ತನ್ನಾದರೂ ಕೂಡಿಸಬಹುದು.

ಬರುವ ವರ್ಷದ ರಾಜ್ಯೋತ್ಸವದ ವರದಿಯಲ್ಲಿ ನಾಟಕ, ಭಾಷಣ, ಬಹುಮಾನಗಳ ಜೊತೆಗೆ, ನಮ್ಮ ಸಂಘದ ನೆರವಿನಿಂದ ಇಷ್ಟು ಕುಟುಂಬಗಳಿಗೆ ನೀರು ಬಂದಿತು, ಇಷ್ಟು ಹೆಸರುಗಳು ನೋಂದಣಿಯಾದವು ಎಂಬ ಒಂದು ಸಾಲೂ ಸೇರಲೆಂದು ಕನ್ನಡ ಬಾಂಧವರಲ್ಲಿ ನಮ್ಮ ಬಿನ್ನಹ.